ಎರಡು ಅಡುಗೆ, ಒಂದು ಪಾತ್ರೆ

ಆ ಮನೆಯಲ್ಲಿದ್ದವರು ಇಬ್ಬರೇ, ಆದರೂ ದಿನಾ ಸಂಜೆ ಎರಡು ಅಡುಗೆ ಆಗಬೇಕಿತ್ತು. ಸರ್‌ಗೆ ಥಾಯ್ ಅಡುಗೆ, ಮೇಡಂಗೆ ಮೆಕ್ಸಿಕನ್. ಸೌಟಕ್ಕ ಬಂದು ಎರಡು ಒಲೆ ಹಚ್ಚಿ, ಎರಡು ಪಾತ್ರೆ ಇಟ್ಟು, ಎರಡೂ ಊಟ ಮುಚ್ಚಿಟ್ಟು ಹೋಗುತ್ತಿದ್ದಳು.

ಅವಳಿಗೆ ಆ ಹೆಸರಿಟ್ಟವನು ಕಟ್ಟಡದ ವಾಚ್‌ಮನ್. ಮೊದಲ ದಿನ ಗೇಟಿನಲ್ಲಿ ಚೀಲ ತೆರೆಸಿದಾಗ ಒಳಗೆ ಬಟ್ಟೆ ಸುತ್ತಿದ ಒಂದು ಮರದ ಸೌಟು ಸಿಕ್ಕಿತ್ತು. ಕಂಡವರ ಮನೆಯ ಸೌಟು ತನ್ನ ಕೈಗೆ ಒಗ್ಗುವುದಿಲ್ಲ ಎಂದಳು. ಅಂದಿನಿಂದ ಅವಳು ಕಟ್ಟಡಕ್ಕೆಲ್ಲ ಸೌಟಕ್ಕ. ತಮಾಷೆಗೆ ಶುರುವಾದದ್ದು ಕಾಯಂ ಆಯಿತು. ಐವತ್ತು ದಾಟಿದ ಹೆಂಗಸು, ತನ್ನ ನಿಜವಾದ ಹೆಸರಿನಿಂದ ಕರೆಯುವವರು ಯಾರೂ ಉಳಿದಿಲ್ಲದ್ದರಿಂದ ಅವಳೂ ಬೇಡ ಅನ್ನಲಿಲ್ಲ.

ಸರ್ ಲಿಫ್ಟ್ ಕಂಪನಿಯ ಎಂಜಿನಿಯರ್. ಮದುವೆಗೆ ಮೊದಲು ಕೆಲವು ವರ್ಷ ಥಾಯ್ಲೆಂಡಿನಲ್ಲಿದ್ದು ಬಂದವರು. ಮೇಡಂ ಮೆಕ್ಸಿಕೋದಲ್ಲಿ ಭಾಷೆ ಕಲಿತು ಬಂದು ಈಗ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಸ್ಪ್ಯಾನಿಷ್ ಪಾಠ ಹೇಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಇವರ ಅಡುಗೆ ಅವರು, ಅವರ ಅಡುಗೆ ಇವರು ಬಾಯಿ ಚಪ್ಪರಿಸಿ ತಿನ್ನುತ್ತಿದ್ದರಂತೆ. ಸೌಟಕ್ಕ ಕೆಲಸಕ್ಕೆ ಸೇರುವ ಹೊತ್ತಿಗೆ ಅದೆಲ್ಲ ಮುಗಿದ ಕಥೆ. ಸರ್ ತಟ್ಟೆ ಹಿಡಿದು ತಮ್ಮ ಕೋಣೆಗೆ ಹೋಗುತ್ತಿದ್ದರು, ಮೇಡಂ ಪಾಠ ಮುಗಿಸಿ ಕಂಪ್ಯೂಟರ್ ಮುಂದೆಯೇ ತಿನ್ನುತ್ತಿದ್ದರು. ಊಟದ ಮೇಜಿನ ಮೇಲೆ ಇಸ್ತ್ರಿಗೆ ಹೋಗುವ ಬಟ್ಟೆಯ ಗಂಟು ಕೂತಿರುತ್ತಿತ್ತು.

ಜಗಳವಾಡಿದ್ದರೆ ಅದೊಂದು ರೀತಿ. ಇವರು ಜಗಳವನ್ನೂ ಆಡುತ್ತಿರಲಿಲ್ಲ. ಏನಾದರೂ ಹೇಳಬೇಕಾದರೆ ಸೌಟಕ್ಕನ ಮೂಲಕ. ಒಬ್ಬರು ಹಾಲ್‌ನಲ್ಲಿ, ಇನ್ನೊಬ್ಬರು ಪಕ್ಕದ ಕೋಣೆಯಲ್ಲಿ, ನಡುವೆ ಒಂದು ಗೋಡೆ. ಆದರೂ ಸರ್ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಾಳೆ ನಲ್ಲಿ ರಿಪೇರಿಯವನು ಬರ್ತಾನೆ ಅಂತ ಹೇಳ್ಬಿಡಿ ಅಕ್ಕ, ಅನ್ನುತ್ತಿದ್ದರು. ಯಾರಿಗೆ ಎಂದು ಅವಳು ಕೇಳಬೇಕಾಗಿರಲಿಲ್ಲ.

ಮಾತು ನಿಂತ ಮನೆ ಎಂಥದ್ದು ಎಂದು ಅವಳಿಗೆ ಗೊತ್ತಿತ್ತು. ಅವಳ ಗಂಡನೂ ಹೀಗೇ. ಮೊದಲು ಮಾತು ಕಡಿಮೆ ಮಾಡಿದ, ಆಮೇಲೆ ತಲೆಯಾಡಿಸುವುದಷ್ಟೇ ಉಳಿಯಿತು, ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹೋದವನು ಹಿಂದಿರುಗಲಿಲ್ಲ. ಕಿರುಚಾಡಿ ಹೋಗಿದ್ದರೆ ಏಕೆ ಹೋದ ಎಂದಾದರೂ ತಿಳಿಯುತ್ತಿತ್ತು. ಆಮೇಲೆ ತಂಗಿಯ ಮನೆ ಸೇರಿದಳು. ಅಲ್ಲಿ ಒಗೆಯುವ ಮಿಷನ್ ಇಟ್ಟಿದ್ದ ಕಿರುಕೋಣೆಯಲ್ಲಿ ಅವಳ ಹಾಸಿಗೆ. ತಂಗಿ ಒಳ್ಳೆಯವಳೇ, ತಂಗಿಯ ಗಂಡನೂ ಮುಖ ಗಂಟಿಕ್ಕುವವನಲ್ಲ. ಆದರೂ ಅವಳು ಒಳಗೆ ಬಂದರೆ ಅವರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಹಾಗಾಗಿ ದಿನದಲ್ಲಿ ಅವಳಿಗೆ ಹಿತವೆನಿಸುತ್ತಿದ್ದ ಹೊತ್ತೆಂದರೆ ಆ ಮೂರನೇ ಮಹಡಿಯ ಅಡುಗೆಮನೆಯಲ್ಲಿ ಕಳೆಯುವ ಸಂಜೆಯೇ.

ಆ ಸಂಜೆಗಳಲ್ಲಿ ಅವಳು ಒಂದು ಕೆಲಸ ಮಾಡತೊಡಗಿದ್ದಳು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿರಲಿಲ್ಲ. ರಾತ್ರಿಯೆಲ್ಲ ದೀಪ ಉರಿಯುತ್ತಿರುತ್ತೆ, ಆರಿಸೋಕೆ ಹೇಳಿ ಎಂದು ಸರ್ ಗೊಣಗಿದರೆ, ಅವಳು ಮೇಡಂ ಬಳಿ ಹೋಗಿ, ನೀವು ತುಂಬ ಹೊತ್ತು ಕೂತು ಕೆಲಸ ಮಾಡ್ತೀರಂತೆ, ಕಣ್ಣಿಗೆ ಒಳ್ಳೇದಲ್ಲ ಅಂತ ಸರ್ ಹೇಳ್ತಿದ್ರು, ಅನ್ನುತ್ತಿದ್ದಳು. ಅವನ ಕೆಮ್ಮು ಪಾಠದ ಮಧ್ಯೆ ಎಲ್ಲರಿಗೂ ಕೇಳಿಸುತ್ತೆ, ಬಾಗಿಲು ಹಾಕ್ಕೊಳ್ಳೋಕೆ ಹೇಳಿ ಎಂದು ಮೇಡಂ ಸಿಡುಕಿದರೆ, ಡಾಕ್ಟರಿಗೆ ತೋರಿಸಿದ್ರಾ ಅಂತ ಮೇಡಂ ಕೇಳ್ತಿದ್ರು ಎಂದು ಸರ್‌ಗೆ ಹೇಳುತ್ತಿದ್ದಳು. ಮೊದಲ ಸಲ ಬಾಯಿ ತಪ್ಪಿ ಬಂದದ್ದು. ಅದನ್ನು ಕೇಳಿ ಸರ್ ಮುಖ ಒಂದು ಗಳಿಗೆ ಅರಳಿದ್ದನ್ನು ಕಂಡ ಮೇಲೆ ಅದೇ ರೂಢಿಯಾಯಿತು. ಸರ್ ಕೋಣೆಯ ಬಾಗಿಲನ್ನು ಬರುವಾಗ ತಾನೇ ಎಳೆದುಕೊಂಡು ಬರುತ್ತಿದ್ದಳು, ಮೇಡಂ ದೀಪವೂ ಬೇಗ ಆರುತ್ತಿತ್ತು. ಯಾರಿಗೇನು ನಷ್ಟ ಎಂದುಕೊಂಡಳು.

ಹೀಗೆ ಒಂದು ವರ್ಷದ ಮೇಲಾಯಿತು.

ಒಂದು ಸಂಜೆ ಅಡುಗೆ ನಡುವೆ ಗ್ಯಾಸ್ ಮುಗಿಯಿತು. ಒಂದು ಪಾತ್ರೆಯಲ್ಲಿ ಮಜ್ಜಿಗೆಹುಲ್ಲು, ಥಾಯ್ ಶುಂಠಿ, ನಿಂಬೆ ಎಲೆ ಹಾಕಿದ ತೆಂಗಿನ ಹಾಲು ಆಗಷ್ಟೇ ಬಿಸಿಯಾಗಿತ್ತು, ಅದಕ್ಕೆ ಕೋಳಿ ಬೀಳಬೇಕಿತ್ತು. ಇನ್ನೊಂದರಲ್ಲಿ ಹುರಿದ ಒಣಮೆಣಸಿನಕಾಯಿ, ಸುಟ್ಟ ಟೊಮೇಟೊ, ಬೆಳ್ಳುಳ್ಳಿ, ಜೀರಿಗೆ ರುಬ್ಬಿದ ಖಾರ ಕುದಿಗೆ ಬಂದಿತ್ತು, ಬೇಯಿಸಿದ ರಾಜ್ಮಾ ಮತ್ತು ಜೋಳದ ಕಾಳು ಪಕ್ಕದಲ್ಲಿ ಕಾಯುತ್ತಿದ್ದವು. ಎರಡೂ ಉರಿ ಒಟ್ಟಿಗೆ ನೀಲಿಯಿಂದ ಹಳದಿಗೆ ತಿರುಗಿ ಪುಸಕ್ಕೆಂದು ಆರಿದವು. ಇನ್ನೊಂದು ಸಿಲಿಂಡರ್ ಅಲ್ಲಾಡಿಸಿದಳು, ಅದೂ ಖಾಲಿ. ಫೋನ್ ಮಾಡಿದರೆ ನಾಳೆ ಬರುತ್ತದೆ ಎಂದರು.

ಅಟ್ಟದ ಮೇಲೆ ಒಂದು ಹಳೆಯ ಕರೆಂಟ್ ಒಲೆ ಇತ್ತು. ಇಳಿಸಿ ಧೂಳು ಒರೆಸಿದಳು. ಅದರ ವೈರು ಗಿಡ್ಡ, ಅಡುಗೆಮನೆಯ ಪ್ಲಗ್ಗಿಗೆ ಎಟುಕಲಿಲ್ಲ. ಊಟದ ಮೇಜಿನ ಪಕ್ಕದಲ್ಲೇ ಒಂದು ಪ್ಲಗ್ ಇತ್ತು, ಕೊನೆಗೆ ಮೇಜಿನ ಮೇಲಿದ್ದ ಬಟ್ಟೆಗಂಟನ್ನು ಕುರ್ಚಿಗೆ ತಳ್ಳಿ ಒಲೆಯನ್ನು ಅಲ್ಲೇ ಇಟ್ಟಳು. ಕಾಯಿಲ್ ನಿಧಾನಕ್ಕೆ ಕೆಂಪಾಯಿತು. ಈ ವೇಗದಲ್ಲಿ ಎರಡು ಅಡುಗೆ ಎಂದರೆ ಕೊನೆಯ ಬಸ್ಸೂ ತಪ್ಪುತ್ತದೆ. ಸ್ವಲ್ಪ ಹೊತ್ತು ಸೊಂಟಕ್ಕೆ ಕೈಯಿಟ್ಟು ನಿಂತಳು. ಆಮೇಲೆ, ಆದದ್ದಾಗಲಿ ಎಂದು, ತೆಂಗಿನ ಹಾಲಿನ ಪಾತ್ರೆ ಒಲೆಗೇರಿಸಿ ರುಬ್ಬಿದ ಖಾರವನ್ನು ಅದರೊಳಗೆ ಸುರಿದುಬಿಟ್ಟಳು.

ಬಿಳಿ ಹಾಲು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಕೋಳಿ ಹಾಕಿದಳು, ರಾಜ್ಮಾ, ಜೋಳ, ಫ್ರಿಜ್‌ನಲ್ಲಿದ್ದ ಒಂದು ತುಂಡು ಕುಂಬಳಕಾಯಿಯನ್ನೂ ಹೆಚ್ಚಿ ಹಾಕಿದಳು. ಬೆಂದ ಮೇಲೆ ಅಂಗೈಗೆ ಒಂದು ತೊಟ್ಟು ಬಿಟ್ಟು ನೆಕ್ಕಿದಳು. ಮೆಣಸಿನಕಾಯಿ ಒಂದು ಕಡೆ ಎಳೆದರೆ ನಿಂಬೆ ಎಲೆ ಇನ್ನೊಂದು ಕಡೆ ಎಳೆಯುತ್ತಿತ್ತು. ಒಂದಕ್ಕೊಂದು ಪರಿಚಯವೇ ಇಲ್ಲ. ಮೀನಿನ ಸಾಸ್ ಒಂದು ಚಮಚ ಬಿಟ್ಟಳು. ತಾಳೆಬೆಲ್ಲ ಕೆರೆದು ಹಾಕಿದಳು. ಉರಿ ತಗ್ಗಿಸಿ, ನಿಂತೇ ಕಾದಳು. ಮತ್ತೆ ರುಚಿ ನೋಡಿದಾಗ ಹುರಿದ ಮೆಣಸಿನಕಾಯಿಯ ಕಹಿಯನ್ನು ತೆಂಗಿನ ಹಾಲು ಹೀರಿಕೊಂಡಿತ್ತು, ಹೊಗೆಯ ವಾಸನೆ ಮಾತ್ರ ಹಿಂದೆ ಉಳಿದಿತ್ತು. ನಿಂಬೆಹಣ್ಣು ಹಿಂಡಿ, ಕೊತ್ತಂಬರಿ ಉದುರಿಸಿದಳು. ಅವೆರಡೂ ಎರಡೂ ಅಡುಗೆಗೆ ಬೇಕಾದವೇ ಆಗಿದ್ದರಿಂದ ಅಲ್ಲಿ ಅವಳ ಕೈ ಅನುಮಾನಿಸಲಿಲ್ಲ.

ಆ ಘಮಕ್ಕೆ ಸರ್ ಬಾಗಿಲು ತೆರೆದು ಹೊರಬಂದರು. ಅವರು ಮೇಜು ಮುಟ್ಟುವಷ್ಟರಲ್ಲಿ ಮೇಡಂ ಕೂಡ ಕೊರಳಿಗೆ ಹೆಡ್‌ಫೋನ್ ಜೋತುಬಿಟ್ಟುಕೊಂಡು ಬಂದರು. ಇಬ್ಬರೂ ಪಾತ್ರೆಯನ್ನು ನೋಡಿದರು. ಸೌಟಕ್ಕ ಗ್ಯಾಸ್ ಮುಗಿದದ್ದು, ವೈರು ಸಾಲದ್ದು ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಬೇಡವಾದರೆ ಬ್ರೆಡ್ ಇದೆ ಎಂದಳು. ಯಾರೂ ಬ್ರೆಡ್ ಕೇಳಲಿಲ್ಲ. ಪಾತ್ರೆ ಮೇಜಿನ ಮೇಲೆ, ತಟ್ಟೆ ಮೇಜಿನ ಮೇಲೆ, ಆದ್ದರಿಂದ ಅವರೂ ಅಲ್ಲೇ ಕೂತರು. ಅವಳು ಮೊದಲೇ ಮಾಡಿಟ್ಟಿದ್ದ ಅನ್ನ ಬಡಿಸಿ, ಮೇಲೆ ಎರಡೆರಡು ಸೌಟು ಹಾಕಿ ಅಡುಗೆಮನೆಗೆ ಸರಿದುಕೊಂಡಳು.

ಆಮೇಲೆ ಸರ್ ದನಿ ಕೇಳಿಸಿತು. ಚೆನ್ನಾಗಿದೆ, ಅಂದರು. ಮೇಡಂ ಹೂಂ ಅಂದರು. ಸೌಟಕ್ಕ ತೊಳೆದಿಟ್ಟ ಬಟ್ಟಲನ್ನೇ ಮತ್ತೆ ತೊಳೆಯತೊಡಗಿದಳು.

"ಕೆಮ್ಮು ಈಗ ಪೂರ್ತಿ ಹೋಗಿದೆ. ನೀನು ಕೇಳ್ತಾನೇ ಇದ್ದೆಯಂತಲ್ಲ," ಎಂದರು ಸರ್.

"ನಾನಾ?" ಎಂದರು ಮೇಡಂ. "ಬಾಗಿಲು ಹಾಕ್ಕೊ ಅಂತ ಹೇಳಿ ಕಳಿಸಿದ್ದೆ, ಅಷ್ಟೇ."

ಸೌಟಕ್ಕ ನಲ್ಲಿ ನಿಲ್ಲಿಸಿದಳು.

"ಮತ್ತೆ ನೀನು ನನ್ನ ಕಣ್ಣಿನ ಬಗ್ಗೆ ಹೇಳಿದ್ದು?"

"ನಾನು ಕರೆಂಟ್ ಬಿಲ್ ಬಗ್ಗೆ ಹೇಳಿದ್ದೆ."

ಒಂದೊಂದೇ ಹೊರಬಂದವು. ಚಳಿಗೆ ಸ್ವೆಟರ್ ಹಾಕಿಕೋ ಎಂದದ್ದು, ಹುಟ್ಟಿದ ದಿನ ನೆನಪಿಟ್ಟುಕೊಂಡದ್ದು, ಲಿಫ್ಟ್ ಕೆಲಸದಲ್ಲಿ ಎತ್ತರಕ್ಕೆ ಹತ್ತುವಾಗ ಹುಷಾರು ಎಂದದ್ದು. ಯಾವುದನ್ನೂ ಯಾರೂ ಹೇಳಿರಲಿಲ್ಲ. ಮೊದಲು ಮೇಡಂಗೆ ನಗು ಬಂತು, ಆಮೇಲೆ ಸರ್‌ಗೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ, ಸೌಟಕ್ಕನಿಗೆ ಒಳಗೇ ಕಣ್ಣು ತುಂಬಿತು. ಹೊರಡುವಾಗ ತಲೆ ತಗ್ಗಿಸಿಕೊಂಡು ಬಾಗಿಲ ಬಳಿ ಬಂದರೆ, ಹುಷಾರಾಗಿ ಹೋಗಿ ಅಕ್ಕ ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಅಂದಿನಿಂದ ಅವರು ಮೇಜಿನ ಮೇಲೇ ಊಟ ಮಾಡತೊಡಗಿದರು. ಗ್ಯಾಸ್ ಬಂತು, ಆದರೆ ಎರಡು ಅಡುಗೆ ಕೇಳಲಿಲ್ಲ. ಅದನ್ನೇ ಮಾಡಿ ಅಕ್ಕ, ಅನ್ನುತ್ತಿದ್ದರು. ಊಟ ಮುಗಿದರೂ ಏಳುತ್ತಿರಲಿಲ್ಲ, ತಗ್ಗಿದ ದನಿಯಲ್ಲಿ ಮಾತು ನಡೆದೇ ಇರುತ್ತಿತ್ತು. ಏನು ಮಾತು ಎಂದು ಅವಳು ಕಿವಿಗೊಡಲಿಲ್ಲ. ಮಾತಾಡುತ್ತಿದ್ದಾರಲ್ಲ, ಸಾಕು. ಬಸ್ಸಿನಲ್ಲಿ ಕೂತರೆ ತನ್ನಷ್ಟಕ್ಕೆ ನಗು ಬರುತ್ತಿತ್ತು. ಒಂದು ಮನೆಯನ್ನು ಉಳಿಸಿದೆ ಎಂದು ತಂಗಿಯ ಹತ್ತಿರ ಹೇಳಿಕೊಂಡಳು. ತಂಗಿ ಫೋನ್ ನೋಡುತ್ತಾ ಹೌದಾ ಎಂದಳು.

ಒಂದು ದಿನ ಮೇಡಂ ಅಡುಗೆಮನೆಗೆ ಬಂದು, ಕೈ ಒರೆಸಿಕೊಂಡು ಬನ್ನಿ, ನಮ್ಮ ಜೊತೆ ಕೂತ್ಕೊಳ್ಳಿ, ಎಂದರು. ಆ ಮನೆಯ ಕುರ್ಚಿಯ ಮೇಲೆ ಅವಳು ಅಂದೇ ಮೊದಲು ಕೂತದ್ದು. ಸರ್ ಅವಳ ಮುಂದೆ ನೀರಿನ ಲೋಟ ಇಟ್ಟರು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ, ದೊಡ್ಡ ಕೆಲಸ ಮುಗಿಸಿದವರ ದಣಿವಿತ್ತು. ಇಬ್ಬರೂ ಬೇರೆ ಬೇರೆ ಇರಲು ನಿರ್ಧರಿಸಿರುವುದಾಗಿಯೂ, ಮುಂದಿನ ತಿಂಗಳು ಮನೆ ಖಾಲಿ ಮಾಡುವುದಾಗಿಯೂ ಸರ್ ಹೇಳಿದರು.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ದಿನಾ ಮಾತಾಡ್ತಿದ್ರಲ್ಲ," ಎಂದಳು.

"ಅದನ್ನೇ ಮಾತಾಡ್ತಿದ್ದದ್ದು ಅಕ್ಕ," ಎಂದರು ಮೇಡಂ. ಆಮೇಲೆ ಅವಳ ಕೈ ಮೇಲೆ ಕೈಯಿಟ್ಟು ಹೇಳಿದರು: "ನೀವು ಬೇಜಾರು ಮಾಡ್ಕೋಬೇಡಿ. ಇವನಿಗೆ ನನ್ನ ಮೇಲೆ ಇನ್ನೂ ಕಾಳಜಿ ಇದೆ ಅಂದ್ಕೊಂಡು ನಾನು ಒಂದು ವರ್ಷ ಕಾದೆ. ಅವನೂ ಹಾಗೇ ಕಾದ. ಆ ಮಾತೆಲ್ಲ ನಿಮ್ಮದು ಅಂತ ಗೊತ್ತಾದ ಮೇಲೆ ಕಾಯೋದಕ್ಕೆ ಏನೂ ಉಳಿದಿರಲಿಲ್ಲ."

ಸರ್ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು. "ನಾವೇ ಹೇಳಬೇಕಾಗಿದ್ದ ಮಾತು ಅವು," ಎಂದರು.

ಬೈದಿದ್ದರೆ ಅವಳು ಏನಾದರೂ ಹೇಳುತ್ತಿದ್ದಳು. ಲೋಟದ ನೀರು ಪೂರ್ತಿ ಕುಡಿದು, ಎದ್ದುಹೋಗಿ ಒಲೆ ಒರೆಸಿದಳು. ಕೈ ತನ್ನ ಕೆಲಸ ತಾನು ಮಾಡಿತು.

ಸಾಮಾನು ಹಂಚಿಕೊಳ್ಳುವಾಗ ಒಂದು ಮಾತೂ ಏರಲಿಲ್ಲ. ನಿನಗೆ ಬೇಕಾ, ನೀನೇ ಇಟ್ಕೊ ಎಂದು ಪಾತ್ರೆಗಳನ್ನು ಆಚೀಚೆ ಸರಿಸಿದರು. ಹೊಸದಾಗಿ ಪರಿಚಯವಾದವರಂತೆ ಅಷ್ಟು ಮರ್ಯಾದೆ. ಅವಳು ಕಾಗದ ಸುತ್ತಿ ಸುತ್ತಿ ಎರಡು ಪೆಟ್ಟಿಗೆಗೆ ತುಂಬಿದಳು. ಇಬ್ಬರೂ ಬೇರೆ ಬೇರೆಯಾಗಿ ಬಂದು, ನಮ್ಮಲ್ಲಿಗೆ ಬನ್ನಿ ಎಂದು ಕರೆದರು. ಎರಡೂ ಮನೆ ಊರಿನ ಎರಡು ತುದಿಯಲ್ಲಿದ್ದವು. ಬಸ್ಸು ದೂರವಾಗುತ್ತದೆ ಎಂದು ಇಬ್ಬರಿಗೂ ಹೇಳಿದಳು. ದೂರ ಅಲ್ಲದಿದ್ದರೂ ಅವಳು ಹೋಗುತ್ತಿರಲಿಲ್ಲ. ಒಬ್ಬೊಬ್ಬರೇ ಇರುವ ಆ ಮನೆಗಳಲ್ಲಿ, ಇನ್ನೊಬ್ಬರ ಮಾತು ಬಂದಾಗ ತನ್ನ ಬಾಯಿ ಸುಮ್ಮನಿರುತ್ತದೆ ಎಂಬ ನಂಬಿಕೆ ಅವಳಿಗೇ ಇರಲಿಲ್ಲ.

ಆಮೇಲೆ ನರ್ಸ್‌ಗಳ ಹಾಸ್ಟೆಲಿನಲ್ಲಿ ಕೆಲಸ ಸಿಕ್ಕಿತು. ಅಡುಗೆಮನೆಯ ಹಿಂದೆ ಉಳಿದುಕೊಳ್ಳಲು ಒಂದು ಕೋಣೆಯನ್ನೂ ಕೊಟ್ಟರು. ಅವಳಿಗೆಂದೇ ಒಂದು ಬಾಗಿಲು, ಅದಕ್ಕೊಂದು ಚಿಲಕ. ತಂಗಿ ಒಂದೆರಡು ಸಲ ಬೇಡ ಎಂದಳು, ಆಮೇಲೆ ಹಾಸಿಗೆ ಕಟ್ಟಲು ತಾನೇ ಹಗ್ಗ ತಂದುಕೊಟ್ಟಳು. ಹಾಸ್ಟೆಲಿನ ಹುಡುಗಿಯರು ಪಾಳಿ ಮುಗಿಸಿ ಬಂದು, ತಟ್ಟೆ ಚಾಚಿ, ಕಣ್ಣು ಮುಚ್ಚಿಕೊಂಡೇ ತಿಂದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಮೇಡಂ ಫೋನ್ ಮಾಡಿದರು. ಆ ಅಡುಗೆ ಎಷ್ಟು ಸಲ ಮಾಡಿದರೂ ಹದಕ್ಕೆ ಬರುತ್ತಿಲ್ಲ, ಮೆಣಸಿನಕಾಯಿ ಕಹಿ ಹೊಡೆಯುತ್ತದೆ ಎಂದರು. ಹುರಿಯುವಾಗ ಕಪ್ಪಾಗಲು ಬಿಡಬೇಡಿ, ಬೆಲ್ಲವನ್ನು ಕೊನೆಗೆ ಹಾಕಿ ಎಂದು ಹೇಳಿಕೊಟ್ಟಳು. ಫೋನ್ ಇಡುವ ಮುನ್ನ ಮೇಡಂ ಕೇಳಿದರು.

"ಅವನು ಯಾವಾಗಲಾದ್ರೂ ಫೋನ್ ಮಾಡಿದ್ನಾ?"

"ಮಾಡಿದ್ರು ಮೇಡಂ, ಹೋದ ವಾರ. ಇದನ್ನೇ ಕೇಳೋಕೆ."

"ಬೇರೆ ಏನಾದ್ರೂ ಹೇಳಿದ್ನಾ?"

ಸೌಟಕ್ಕನ ನಾಲಿಗೆಯ ತುದಿಗೆ ಎಷ್ಟೋ ಮಾತು ಬಂದು ನಿಂತವು. ಗೋಡೆಗೆ ಒರಗಿದಳು.

"ಇಲ್ಲ ಮೇಡಂ. ಇಷ್ಟೇ ಕೇಳಿದ್ರು."

ಮೇಡಂ ಸರಿ ಎಂದರು. ಮತ್ತೆ ಅವರ ಫೋನ್ ಬರಲಿಲ್ಲ.

ವಾರದ ರಜೆಯ ದಿನ ಅವಳು ಸಂತೆ ಸುತ್ತಿ ಮಜ್ಜಿಗೆಹುಲ್ಲು ಹುಡುಕಿ ತಂದಳು. ಥಾಯ್ ಶುಂಠಿ ಸಿಗಲಿಲ್ಲ, ಮಾಮೂಲಿ ಶುಂಠಿಯಲ್ಲೇ ಸುಧಾರಿಸಿಕೊಂಡಳು. ತನಗಾಗಿ ಆ ಅಡುಗೆ ಮಾಡುತ್ತಿದ್ದುದು ಅದೇ ಮೊದಲು. ಎಷ್ಟು ಕಡಿಮೆ ಹಾಕಿದರೂ ಪಾತ್ರೆ ಮುಕ್ಕಾಲು ತುಂಬಿತು. ಮೆಣಸಿನಕಾಯಿ ಹುರಿದಾಗ ಘಾಟು ಎದ್ದಿತು, ತನ್ನ ಕೋಣೆಯ ಕಿಟಕಿ, ಬಾಗಿಲು ಎರಡನ್ನೂ ತೆರೆದಿಟ್ಟಳು. ಮೊಗಸಾಲೆಯಲ್ಲಿ ಯಾರೋ ಸೀನಿಕೊಂಡು ಹೋದರು. ಆಮೇಲೆ ಇನ್ನಿಬ್ಬರು ಮಾತಾಡುತ್ತಾ ಹೋದರು. ಏನು ಮಾಡ್ತಿದ್ದೀರಿ, ಇಷ್ಟು ಘಮ ಬರ್ತಿದೆ ಎಂದು ಯಾರಾದರೂ ಕೇಳಬಹುದೆಂದು ಸ್ವಲ್ಪ ಹೊತ್ತು ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಅನ್ನ ಆರತೊಡಗಿದ್ದು ಕಂಡು, ಹಾಸಿಗೆಯ ಅಂಚಿನಲ್ಲಿ ಕೂತು ಬಡಿಸಿಕೊಂಡಳು.