ಫರ್ನೇಸ್ ಆರುವ ತನಕ

ಬಸವಣ್ಣೆಮ್ಮ ಗಂಡನ ಹಣೆಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆಯುತ್ತಿದ್ದಾಗ ಫೋನು ಬಡಿದುಕೊಂಡಿತು. ಸೋಮಲಿಂಗಪ್ಪನವರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಮಧ್ಯಾಹ್ನ ಹಾಗೆಯೇ ಕೂತು ಮಣ್ಣಿಗೆ ಹೊರಡಬೇಕು. ಮದ್ರಾಸಿನ ಕೀಲ್ಪಾಕಿನ ಮನೆಯ ಆ ಸಣ್ಣ ಹಾಲಿನಲ್ಲಿ ಅವರು ಇಷ್ಟು ಹೊತ್ತು ಕೂತದ್ದನ್ನು ಹೆಂಡತಿ ನೋಡಿದ್ದು ಇದೇ ಮೊದಲು.

ಫೋನು ಮಾಡಿದವಳು ಬಿಂದು. ಗಿಂಡಿ ಬಡಾವಣೆಯ ಲ್ಯಾಬಿನಲ್ಲಿ ಅವರ ಕೈಕೆಳಗೆ ಪಿಎಚ್‌ಡಿ ಮಾಡುವವಳು.

"ಆಂಟಿ, ಸರ್ ಇಟ್ಟ ಪುಡಿ ಇನ್ನೂ ಫರ್ನೇಸಲ್ಲೇ ಇದೆ. ಅಮೋನಿಯಾ ಹರೀತಿದೆ, ಬಿಟ್ಟು ಬರೋ ಹಾಗಿಲ್ಲ. ಈ ಸಲ ಸರಿಯಾಗಿ ಬರುತ್ತೆ ಅಂದಿದ್ರು ಸರ್. ಈಗ್ಲೇ ತೆಗೆದ್ರೆ ಮಣ್ಣಿಗೆ ಮುಂಚೆ ತಂದು ಅವರ ಮುಂದೆ ಇಡಬಹುದು. ತೆಗೀಲಾ?"

ಬಸವಣ್ಣೆಮ್ಮನಿಗೆ ಆಸೆಯಾಯಿತು. ತನ್ನ ಸಂಜೆಗಳನ್ನೆಲ್ಲ ನುಂಗಿದ ಆ ಪುಡಿಯನ್ನು ಒಮ್ಮೆಯಾದರೂ ಅವರ ಪಕ್ಕದಲ್ಲಿಟ್ಟು ನೋಡಬೇಕು.

"ಆರೈತೇನವ್ವಾ?"

"ಇಲ್ಲ. ಸಂಜೆ ಆಗುತ್ತೆ."

* * *

ಬಿಳಿ ಪುಡಿಯನ್ನು ಅಮೋನಿಯಾ ಹಾಯಿಸುತ್ತ ಕಾಯಿಸಿದರೆ ಸಾರಜನಕ ಸೇರಿಕೊಂಡು ಕೆಂಪಾಗುತ್ತದೆ. ಆಕ್ಸಿನೈಟ್ರೈಡ್ ಅನ್ನುತ್ತಾರೆ. ಆ ಕೆಂಪು ಬಿಸಿಲನ್ನು ಹೀರಿ, ನೀರಿನಿಂದ ಹೈಡ್ರೋಜನ್ ಎಂಬ ಉರುವಲನ್ನು ಬಿಡಿಸಬೇಕು. ಇದಿಷ್ಟು ಬಸವಣ್ಣೆಮ್ಮನಿಗೆ ಉಪ್ಪಿನಕಾಯಿ ಹಾಕುವಷ್ಟೇ ಬಾಯಿಪಾಠ.

ಮಗ ಶಿವರಂಜನನ ತೊಟ್ಟಿಲ ದಿನ ಮನೆ ತುಂಬ ನೆಂಟರು. ಲ್ಯಾಬಿನಿಂದ ಬೇಗ ಹೊರಡುವ ಅವಸರದಲ್ಲಿ ಸೋಮಲಿಂಗಪ್ಪ ಫರ್ನೇಸಿನ ಬಿಸಿ ಕೊಳವೆಯನ್ನೇ ತೆರೆದರು. ಗಾಳಿ ನುಗ್ಗಿತು, ಕೆಂಪು ಪುಡಿ ಕಣ್ಣೆದುರೇ ಬಿಳುಚಿತು. ಹೊತ್ತಿಗೆ ಸರಿಯಾಗಿ ಬಂದು ತೊಟ್ಟಿಲು ತೂಗಿದರು ನಿಜ, ಮುಖ ಮಾತ್ರ ಸುಟ್ಟ ಬದನೆಕಾಯಿ.

"ಇನ್ಮ್ಯಾಲೆ ಅದು ಆರಿದ ಮ್ಯಾಲೇ ಬರ್ರಿ ಮಾರಾಯ್ರಾ, ಈ ಮುಖ ನೋಡಾಕಾಗಲ್ಲ," ಅಂದಿದ್ದಳು.

ಬೇಸರಕ್ಕೆ ಆಡಿದ ಮಾತು. ಅವರು ಅದನ್ನು ಶಿಲಾಶಾಸನ ಮಾಡಿಕೊಂಡರು. ಹಬ್ಬವಿರಲಿ, ಅವಳಿಗೆ ಜ್ವರವಿರಲಿ, ಆರದೆ ಬಂದವರಲ್ಲ. ಅವಳು ತಟ್ಟೆ ಮುಚ್ಚಿಟ್ಟು ಕಾದಳು, ಬೈದಳು, ಮತ್ತೆ ಕಾದಳು. ಪಾಪ, ಅಷ್ಟು ಮಾಡಿದರೂ ಒಳ್ಳೆಯ ಕೆಂಪು ಬಂದದ್ದು ಅಪರೂಪ. ಹೆಚ್ಚಿನ ಸಲ ಕಂದು, ಇಲ್ಲವೇ ಕಪ್ಪು. ಫರ್ನೇಸ್ ಆರುವ ಮೊದಲೇ ಮನೆಗೆ ಬಂದದ್ದು ನಿನ್ನೆ ಮಾತ್ರ. ಅದರ ಮುಂದೆ ಕೂತಿದ್ದವರು ಎದೆ ಹಿಡಿದುಕೊಂಡು ಕುಸಿದು, ಆಸ್ಪತ್ರೆಯಿಂದ ಹೆಣವಾಗಿ ಆಂಬುಲೆನ್ಸಿನಲ್ಲಿ ಬಂದರು.

* * *

"ತೆಗೀಬ್ಯಾಡವ್ವಾ," ಅಂದಳು ಫೋನಿಗೆ. "ಇವ್ರನ್ನ ನಾವು ಕಳಿಸಿಕೊಡ್ತೀವಿ. ಅದು ಅಲ್ಲೇ ಆರಲಿ."

ಮಧ್ಯಾಹ್ನ ಅವರ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂತಂತೆಯೇ ಗುಂಡಿಗೆ ಇಳಿಸಿದರು. ಮೇಲೆ ಬಿಲ್ವಪತ್ರೆ, ವಿಭೂತಿ, ಆಮೇಲೆ ಹಿಡಿ ಹಿಡಿ ಮಣ್ಣು. ಆ ಪುಡಿಯನ್ನು ನೋಡದೆಯೇ ಹೋದರಲ್ಲ ಎಂದು ಬಸವಣ್ಣೆಮ್ಮನಿಗೆ ದುಃಖ ಒತ್ತರಿಸಿ ಬಂತು. ಬಾಯಿಗೆ ಸೆರಗಿಟ್ಟುಕೊಂಡು ಅತ್ತಳು.

ಮನೆಗೆ ಬಂದು ಸ್ನಾನ ಮಾಡಿ ಚಪ್ಪಲಿ ಮೆಟ್ಟಿದಾಗ ಶಿವರಂಜನ ಬಾಗಿಲಿಗೆ ಅಡ್ಡ ನಿಂತ.

"ಅಮ್ಮಾ, ವೇಂಡಾಮ್ಮಾ, ಬೇಡ. ಸೂತಕದಲ್ಲಿ ಲ್ಯಾಬಿಗಾ? ಅಕ್ಕಪಕ್ಕದೋರು ಏನಂತಾರೆ?"

"ಲಿಂಗ ಕಟ್ಟಿದೋರಿಗೆ ಎಲ್ಲೀ ಸೂತಕನಪ್ಪಾ? ಮದ್ರಾಸಿನಾಗೆ ಬೆಳೆದು ಅದನ್ನೂ ಕಲ್ತ್ಯಾ? ಗಾಡಿ ತೆಗಿ."

ಲ್ಯಾಬಿನಲ್ಲಿ ಬಿಂದು ಕೈಗವಸು ಹಾಕಿಕೊಂಡೇ ನಿಂತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು. "ಹೆಚ್ಚುಕಮ್ಮಿ ಆರಿದೆ ಆಂಟಿ. ಈಗ ತೆಗೆದ್ರೆ ಏನೂ ಆಗಲ್ಲ ಅನ್ಸುತ್ತೆ. ನೀವು ಎಷ್ಟು ಹೊತ್ತು ಅಂತ ಕಾಯ್ತೀರಾ?"

ಬಸವಣ್ಣೆಮ್ಮ ಮಗುವಿನ ಜ್ವರ ನೋಡುವಂತೆ ಕೊಳವೆಯ ಹೊರತುದಿಗೆ ಕೈಯ ಹಿಂಬದಿಯನ್ನು ತಾಗಿಸಿದಳು. ನಿನ್ನೆಯಿಂದ ಅವಳು ಗಂಡನ ಕೈ, ಕಾಲು, ಹಣೆ ಎಲ್ಲವನ್ನೂ ಮುಟ್ಟಿದ್ದಳು. ಎಲ್ಲ ತಣ್ಣಗಿದ್ದವು.

"ಇನ್ನೂ ಬೆಚ್ಚಗೈತಿ. ಕುಂತ್ಕೋ," ಅಂದಳು.

ಗಂಡನ ಸ್ಟೂಲನ್ನು ಕಾಲಿನಿಂದಲೇ ಎಳೆದುಕೊಂಡು ತಾನೂ ಕೂತಳು. ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.