ಮೊದಲ ತಲೆಮಾರಿನ ಆಟ

ಅಕ್ಕ ತಮ್ಮ ಸೇರಿ ನಡೆಸುತ್ತಿದ್ದದ್ದು ಹಳೆಯ ವಿಡಿಯೋ ಗೇಮ್ ಕನ್ಸೋಲ್‌ಗಳ ರಿಪೇರಿ ಅಂಗಡಿ. ಬೆಸುಗೆ ಹಾಕುವ ಕೈ ಅಕ್ಕನದು, ಗಿರಾಕಿಗಳೊಡನೆ ಬಾಯಿ ಬಡಿದುಕೊಳ್ಳುವ ಕೆಲಸ ತಮ್ಮನದು. ಯಂತ್ರಗಳನ್ನು ಅಕ್ಕ ತಲೆಮಾರಿನ ಪ್ರಕಾರ ಜೋಡಿಸಿದ್ದಳು. ಕೆಳಸಾಲಿನಲ್ಲಿ ಚೆಂಡು ಹೊಡೆಯುವ ಆಟವನ್ನಷ್ಟೇ ಒಡಲಲ್ಲಿಟ್ಟುಕೊಂಡ ಮೊದಲನೆಯವು, ಅದರ ಮೇಲೆ ಆಟಕ್ಕೊಂದರಂತೆ ಕಾರ್ಟ್ರಿಜ್ ಬದಲಾಯಿಸುವಂಥವು, ಆಮೇಲೆ ಸಿ.ಡಿ.ಯವು, ತುತ್ತತುದಿಯಲ್ಲಿ ಮೊನ್ನೆ ಮೊನ್ನೆ ಬಂದವು.

"ಇದಕ್ಕೆ ಬಲ ಜಾಸ್ತಿ, ಮೇಲಿನ ಸಾಲಲ್ಲಿಡಿ," ಎಂದು ಯಾರಾದರೂ ತಕರಾರು ತೆಗೆದರೆ ಅಕ್ಕ ನಗುತ್ತಿದ್ದಳು. "ಬಲ ನೋಡಿ ತಲೆಮಾರು ಹೇಳ್ತಾರೇನ್ರೀ? ಒಂದೇ ಕಾಲದಲ್ಲಿ ಹುಟ್ಟಿ ಒಂದಕ್ಕೊಂದು ಜಿದ್ದಿಗೆ ಬಿದ್ದಿದ್ರೆ ಒಂದೇ ತಲೆಮಾರು. ಈ ನನ್ನ ತಮ್ಮನ ತಲೇಲಿ ಏನೂ ಇಲ್ದಿದ್ರೂ ನನ್ನ ತಲೆಮಾರೇ ಅಲ್ವಾ?"

ಬೆಸುಗೆಯಲ್ಲಿ ಪಳಗಿದ ಅಕ್ಕನ ಕೈಯಿಂದಲೇ ಒಮ್ಮೆ ಬೆಸುಗೆ ಕಡ್ಡಿ ಜಾರಿ ಬಿತ್ತು. ಸ್ವಲ್ಪ ದಿನಕ್ಕೆ ಮತ್ತೆ ಬಿತ್ತು. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ, ಮದ್ದಿಲ್ಲ ಎಂದರು ಡಾಕ್ಟರು. "ಬೆರಳಿಗೆ ಕೆಲಸ ಕೊಡ್ತಾ ಇದ್ರೆ..." ಎಂದು ತಮ್ಮ ರಾಗ ಎಳೆದ. "ಕೊಡಿ, ಖುಷಿಯಾಗಿರ್ತಾರೆ," ಎಂದರು ಡಾಕ್ಟರು. ಅವರು ಹೇಳಿದ್ದು ಖುಷಿಯ ಮಾತು, ಇವನು ಕೇಳಿಸಿಕೊಂಡದ್ದು ಗುಣವಾಗುವ ಮಾತು.

ಅಂದಿನಿಂದ ಸಂಜೆ ಬಾಗಿಲೆಳೆದು ಇಬ್ಬರೂ ಆಡಲು ಕೂತರು. ಹೊಸ ಯಂತ್ರದ ಕಂಟ್ರೋಲರಿಗೆ ಹೆಬ್ಬೆರಳಲ್ಲಿ ಆಡಿಸುವ ಎರಡು ಕಡ್ಡಿ, ಮೈತುಂಬ ಗುಂಡಿಗಳು. ಅಕ್ಕನ ಹೆಬ್ಬೆರಳು ಬೇಗ ಕೈಕೊಟ್ಟಿತು. ತಮ್ಮ ಒಂದು ಸಾಲು ಕೆಳಗಿನದನ್ನು ತಂದ. ಅದೂ ಆಗದೆ ಇನ್ನೊಂದು ಸಾಲು ಇಳಿದ. ಬೇಸಿಗೆ ಕಳೆಯುವಷ್ಟರಲ್ಲಿ ಎರಡೇ ಗುಂಡಿಯ ಕಾರ್ಟ್ರಿಜ್ ತಲೆಮಾರಿಗೆ ಬಂದಾಗಿತ್ತು. ಆ ಆಟದಲ್ಲಿ ನೆಗೆದು ದಾಟಬೇಕಾದ ಹಳ್ಳಗಳಿಗೆಲ್ಲ ಅಕ್ಕ ಬಿದ್ದಳು.

"ಇಳೀತಾನೇ ಇದೀವಿ ಕಣೋ."

"ಸುಮ್ನಿರೇ. ಬುಡ ಮುಟ್ಟಿ ಮತ್ತೆ ಹತ್ತೋಣ."

ಕೊನೆಗೆ ಮೊದಲ ತಲೆಮಾರಿನ ಪೆಟ್ಟಿಗೆಯನ್ನೇ ತೆಗೆದ. ಒಳಗೆ ತಂತಿಯೊಂದು ಬಿಟ್ಟುಹೋಗಿತ್ತು. ಅಕ್ಕ ಹೇಳಿಕೊಟ್ಟಂತೆ ತಾನೇ ಬೆಸುಗೆ ಹಾಕಿ ಬೆರಳು ಸುಟ್ಟುಕೊಂಡ. "ಹಕ್ಕಿ ಹಿಕ್ಕೆ ಹಾಕಿದ ಹಾಗಿದೆ," ಎಂದಳು. ಅದರಲ್ಲಿ ಆಡಲು ಒಬ್ಬೊಬ್ಬರಿಗೆ ತಿರುಗಿಸುವ ಗುಂಡಿಯೊಂದೇ. ಅವಳ ಅಂಗೈಯನ್ನು ಅದರ ಮೇಲಿಟ್ಟ. ಅಕ್ಕ ಮೂರು ಚೆಂಡು ತಡೆದಳು! ಮರುದಿನ ತಮ್ಮ ಬಂದ ಗಿರಾಕಿಗಳಿಗೆಲ್ಲ ಅಕ್ಕ ಚೇತರಿಸಿಕೊಳ್ತಿದಾಳೆ ಎಂದು ಡಂಗುರ ಹೊಡೆದ.

ಮಳೆಗಾಲದ ಒಂದು ಸಂಜೆ ಪರದೆಯ ಮೇಲೆ ಅವಳ ಕಡೆಯ ಚೆಂಡು ತಡೆಯುವ ಬಿಳಿ ಗೆರೆ ಅಲುಗಲೇ ಇಲ್ಲ. ಚೆಂಡುಗಳು ಒಂದರ ಹಿಂದೊಂದು ಅಂಚು ದಾಟಿದವು. ತಮ್ಮ ತನ್ನ ಗುಂಡಿ ಬಿಟ್ಟು ಅವಳ ಕೈ ಹಿಡಿದು ತಿರುಗಿಸತೊಡಗಿದ.

"ಬಿಡೋ. ನೀನೇ ಆಡ್ತಿದೀಯ."

"ನಾಳೆ ಬರತ್ತೆ ಕಣೇ."

"ಇದಕ್ಕಿಂತ ಕೆಳಗೆ ಸಾಲಿಲ್ಲ."

ತಮ್ಮ ಅವಳ ಕೈಯನ್ನು ಗುಂಡಿಯಿಂದ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಬೆಚ್ಚಗಿತ್ತು, ಕಲ್ಲಿನಂತೆ ಭಾರವಾಗಿತ್ತು.

"ಟಿ.ವಿ. ಆರಿಸ್ಲಾ?"

"ಇರ್ಲಿ."

ಎರಡು ಕಡೆಯೂ ತಡೆಯುವವರಿಲ್ಲದೆ ಚೆಂಡು ಹೋಗುತ್ತಲೇ ಇತ್ತು. ಅವರು ನೋಡುತ್ತ ಕೂತರು.