ಓದಿಸದ ಸಕ್ಕರೆ

ಬಂದವನ ಮುಖ ಶಮ್ಶುನ್ನೀಸಾಗೆ ಗುರುತಿರಲಿಲ್ಲ. ಮುದ್ದೇಬಿಹಾಳದಲ್ಲಿ ಮಗನ ಗಾದಿ ಅಂಗಡಿಯ ಹಿಂದೆಯೇ ಮನೆ. ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬಿಳಿ ಅಂಗಿಯ, ಅರವತ್ತು ದಾಟಿದ ಆಸಾಮಿಯೊಬ್ಬ ಚಪ್ಪಲಿ ಬಿಟ್ಟು ಕೆಳಗೆ ನಿಂತೇ ಕೈ ಮುಗಿದ.

"ನಾ ಸಿದ್ಧರಾಮ ಅಂತ್ರಿ, ಆಯಿ. ಸಾಲಿ ಮಾಸ್ತರ ಇದ್ದೆ, ಈಗ ರಿಟೈರ್ ಆಗೇನಿ. ಆಲಮೇಲದ ಆಚಿ, ಭೀಮಾ ದಂಡಿ ಊರವ. ಪರಪ್ಪನ ಮೊಮ್ಮಗರಿ."

ಎಂಬತ್ತಾರರ ಮುದುಕಿಯ ಕೈ ಹಾಗೇ ನಿಂತಿತು. ಪರಪ್ಪನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಿ ಎಷ್ಟೋ ವರ್ಷಗಳಾಗಿದ್ದವು.

ಆಗ ಅವಳಿಗೆ ಒಂಬತ್ತು ವರ್ಷ. ಭೀಮೆಯ ಆಚೆ ದಂಡೆ ನಿಜಾಮನದು, ಈಚೆ ದಂಡೆಯಲ್ಲಿ ಇವರ ಊರು. ಆ ವರ್ಷ ನಿಜಾಮನ ಕಡೆಯ ರಜಾಕಾರರು ಹೊಳೆ ದಾಟಿ ಬಂದು ಊರಿನ ಬಣವೆಗಳಿಗೆ ಬೆಂಕಿ ಇಟ್ಟಿದ್ದರು. ಅವರ ಆಟ ಮುಗಿದ ಮೇಲೆ ಊರಿನ ಸಿಟ್ಟೆಲ್ಲ ಅಲ್ಲಿದ್ದ ಒಂದೇ ಒಂದು ಮುಸಲ್ಮಾನರ ಮನೆಯ ಮೇಲೆ ತಿರುಗಿತು. ಅವಳ ಅಪ್ಪ ಮೋದಿನಸಾಬ ಅರಳೆ ಹಿಂಜುವವನು, ಮಸೂತಿಯ ಮುಜಾವರ; ಮೊಹರಮ್ಮಿನಲ್ಲಿ ಊರವರು ತಂದ ಸಕ್ಕರೆಯ ಮೇಲೆ ಫಾತಿಹಾ ಓದಿ ಕೊಡುವವನು. ರಜಾಕಾರರ ಮುಖವನ್ನೂ ಅವನು ಕಂಡಿರಲಿಲ್ಲ. ಹಾಡುಹಗಲೇ ಪರಪ್ಪ ಹತ್ತು ಮಂದಿ ಕಟ್ಟಿಕೊಂಡು ಬಂದು ಬಾಗಿಲಿಗೆ ಹುಲ್ಲು ಒಟ್ಟಿ ಬೆಂಕಿ ಹಚ್ಚಿದ. ಉಟ್ಟ ಬಟ್ಟೆಯಲ್ಲಿ ನಡೆದು ಹೊರಟ ಮೂರನೆಯ ದಿನ ಹೂವಿನ ಹಿಪ್ಪರಗಿಯ ಹತ್ತಿರ ಅಜ್ಜಿ ತೀರಿಕೊಂಡಳು. ಅವಳನ್ನು ಮಣ್ಣು ಮಾಡಿದ ಜಾಗ ಆಮೇಲೆ ಯಾರಿಗೂ ಗುರುತು ಹತ್ತಲಿಲ್ಲ.

"ಯಾಕ ಬಂದಿ?" ಎಂದು ಕೇಳಿದಳು.

ಸಿದ್ಧರಾಮ ಕಟ್ಟೆಯ ಅಂಚಿಗೆ ಕೂತ. "ಮೊಹರಂ ಬಂತಲ್ರಿ. ಅಲೈ ದೇವರನ್ನ, ಆ ಪಂಜಾಗಳನ್ನ, ನಾವು ಬಿಟ್ಟಿಲ್ಲ. ನೀವು ಊರು ಬಿಟ್ಟ ವರ್ಷಾನೂ ಊರವ್ರು ಕೂಡಿಸಿದ್ರಂತ. ಆದ್ರ ಸಕ್ಕರಿ ಓದಸಾಕ ಯಾರೂ ಇಲ್ರಿ. ಬ್ಯಾರೆ ಊರ ಮುಜಾವರರನ್ನ ಕರದ್ವಿ. ಮೋದಿನಸಾಬನ ಪಾಳಿಗೆ ನಾವು ಕೈ ಹಾಕಂಗಿಲ್ಲ ಅಂದ್ರು. ಮಂದಿ ಸಕ್ಕರಿ ತರ್ತಾರ, ದೇವರ ಮುಂದ ಹಿಡೀತಾರ, ಹಂಗs ಮನಿಗೆ ಒಯ್ತಾರ."

ಅಷ್ಟರಲ್ಲಿ ಮಗ ನಿಜಾಮುದ್ದೀನ ಅಂಗಡಿಯಿಂದ ಬಂದ. ಮೈತುಂಬ ಹತ್ತಿಯ ಎಳೆ. ಎಲ್ಲ ಕೇಳಿಸಿಕೊಂಡು ನಕ್ಕ, ಆದರೆ ನಗುವಿನಲ್ಲಿ ಖುಷಿಯಿರಲಿಲ್ಲ.

"ಓಡಿಸಿದವ್ರಿಗೆ ಈಗ ಓದಸಾಕ ಮಂದಿ ಬೇಕಾದ್ರೇನ್ರಿ, ಮಾಸ್ತರ? ನಾವು ಅಲೈ ಗಿಲೈ ಬಿಟ್ಟು ಭಾಳ ವರ್ಷ ಆತು. ಚಾ ಕುಡದು ಹೋಗ್ರಿ."

ಸಿದ್ಧರಾಮ ತಲೆ ತಗ್ಗಿಸಿದ. ಶಮ್ಶುನ್ನೀಸಾಗೆ ಮಾತ್ರ ಒಳಗಿನಿಂದ ಏನೋ ಉಕ್ಕಿ ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಬೊಚ್ಚುಬಾಯಿ ಅಗಲಿಸಿ ನಕ್ಕೇಬಿಟ್ಟಳು.

"ಎಪ್ಪತ್ತೇಳು ವರ್ಷ ಓದಸದ ಸಕ್ಕರಿ ತಿಂದ್ರೇನೋ ನೀವು! ದೇವರನ್ನ ಇಟಗೊಂಡು ಮುಜಾವರನ್ನ ಓಡಿಸಿದ್ರಿ!"

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಳ್ಳುವಾಗ ಅಪ್ಪ ನೆನಪಾದ. ಐದು ಹೊತ್ತಿನ ನಮಾಜಿನ ದುಆದಲ್ಲಿ ಅಪ್ಪ ಆ ಊರಿಗೂ ಒಳ್ಳೆಯದನ್ನು ಬೇಡುವುದು ಬಿಡುತ್ತಿರಲಿಲ್ಲ. ಅದನ್ನು ಕೇಳಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಒಮ್ಮೆ ತಡೆಯದೆ ಜಗಳಕ್ಕೇ ನಿಂತಿದ್ದಳು. "ದೇವರ ಮುಂದ ಕುಂತಾಗ ಆ ಮಂದಿ ನೆನಪಾಗ್ತಾರವ್ವ. ಅಲ್ಲಿ ಕುಂತು ಬೈಯಾಕ ನನಗ ಬಾಯಿ ಬರಂಗಿಲ್ಲ" ಎಂದಿದ್ದ ಅಪ್ಪ. ಅಪ್ಪನ ಮನಸ್ಸು ಅವಳಿಗೆ ಬಂದಿರಲಿಲ್ಲ. ಬರಲಿ ಎಂದು ಅವಳು ಬೇಡಿಯೂ ಇರಲಿಲ್ಲ.

"ನಾ ಬರ್ತೇನಿ," ಎಂದಳು. ನಿಜಾಮುದ್ದೀನ ಬಾಯಿ ತೆರೆದ. ಅವಳು ಕೈ ಎತ್ತಿ ಸುಮ್ಮನಿರಿಸಿದಳು. "ಆದ್ರ ನಿಮ್ಮ ಮುತ್ಯಾ ಏನ್ ಮಾಡ್ದಾ ಅನ್ನೂದನ್ನ ಮಸೂತಿ ಮುಂದ, ಊರ ಮಂದಿ ಮುಂದ ನೀ ಹೇಳಬೇಕು. ಹೆಸರ ಹಿಡದು ಹೇಳಬೇಕು. ಆಗಿನ ಕಾಲ ಹಂಗಿತ್ತು ಅಂತ ಶುರು ಮಾಡಿದಿ ಅಂದ್ರ ಎದ್ದು ಬರ್ತೇನಿ ನೋಡು."

"ಹೇಳ್ತೇನ್ರಿ, ಆಯಿ," ಎಂದ ಸಿದ್ಧರಾಮ. ಚಾ ಕುಡಿದು ಎದ್ದ.

ಮೊಹರಮ್ಮಿನ ಏಳನೆಯ ದಿನ ನಿಜಾಮುದ್ದೀನನೇ ಬಾಡಿಗೆ ಕಾರು ಮಾಡಿಸಿ ಅವಳನ್ನು ಕರೆತಂದ. ಸಿಂದಗಿಯವರೆಗೂ ಬಿಗಿದ ಮುಖ ಸಡಿಲಿಸಲಿಲ್ಲ. ಊರು ಬಂದಾಗ ಮಧ್ಯಾಹ್ನ. ಮಸೂತಿ ಅದೇ ಇತ್ತು, ಸುಣ್ಣ ಹೊಸದು. ಅವರ ಮನೆಯಿದ್ದಲ್ಲಿ ಯಾರೂ ಏನೂ ಕಟ್ಟಿರಲಿಲ್ಲ, ಬೇವಿನ ಗಿಡಗಳು ಬೆಳೆದಿದ್ದವು. ಹೆಂಗಸರು ತಟ್ಟೆಯಲ್ಲಿ ಸಕ್ಕರೆ ಹಿಡಿದು ಸಾಲಾಗಿ ನಿಂತಿದ್ದರು.

ಸಿದ್ಧರಾಮ ಕಟ್ಟೆ ಹತ್ತಿದ.

"ನಮ್ಮ ಮುತ್ಯಾ ಪರಪ್ಪ ಮೋದಿನಸಾಬರ ಮನಿಗೆ ಬೆಂಕಿ ಹಚ್ಚಿದಾ. ಅವರು ಯಾರಿಗೂ ಏನೂ ಮಾಡಿದ್ದಿಲ್ಲ. ಊರು ನೋಡಕೋತ ನಿಂತಿತ್ತು. ಅವರ ಮುದುಕಿ ದಾರ್ಯಾಗ ಸತ್ತಳು. ಇದನ್ನ ನಮ್ಮ ಮನ್ಯಾಗ ಯಾರೂ ಬಾಯಿ ಬಿಟ್ಟು ಹೇಳಿದ್ದಿಲ್ಲ, ಮಂದಿ ಬಾಯಿಂದ ತಿಳಕೊಂಡೆ. ನಾ ಹೇಳಾಕತ್ತೇನಿ. ತಪ್ಪಾತು."

ಆಗ ಕೋಲೂರಿಕೊಂಡು ಒಬ್ಬ ಮುದುಕ ಮುಂದೆ ಬಂದ. ಪರಪ್ಪನ ಕಿರಿಯ ಮಗ, ಸಿದ್ಧರಾಮನ ಕಾಕಾ ಸಂಗಣ್ಣ. ಇದೆಲ್ಲ ಬೇಡವೆಂದು ಎಂಟು ದಿನ ಮನೆಯಲ್ಲಿ ರಂಪ ಮಾಡಿದವನು ಅವನೇ. ಹೆಂಗಸರು ಹೆದರಿ ದಾರಿ ಬಿಟ್ಟರು.

"ಹುಲ್ಲಿನ ಸಿವುಡು ನಾ ಹೊತಗೊಂಡು ಬಂದಿದ್ನಬೇ," ಎಂದ ಅವನು, ಶಮ್ಶುನ್ನೀಸಾಳ ಎದುರೇ ನಿಂತು. "ಎಂಟು ವರ್ಷದಾಂವ. ಅಪ್ಪ ತಾ ಅಂದ, ತಂದು ಕೊಟ್ಟೆ. ಯಾತಕ್ಕಂತ ಗೊತ್ತಿತ್ತು ನನಗ."

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಸಂಗ್ಯಾ? ನನ್ನ ಕೂಡ ಹೊಳ್ಯಾಗ ಮೀನ ಹಿಡೀತಿದ್ದ ಸಂಗ್ಯಾ ಏನೋ ನೀ?"

ಮುದುಕ ಹೌದೆಂದು ತಲೆಯಾಡಿಸಿದ. ಕೋಲು ಕೈ ಜಾರಿ ಬಿತ್ತು. ನಿಜಾಮುದ್ದೀನ ಬಗ್ಗಿ ಅದನ್ನೆತ್ತಿ ಅವನ ಕೈಗೆ ಕೊಟ್ಟ. ಅವನು ನೆಟ್ಟಗೆ ನಿಲ್ಲುವವರೆಗೆ ರಟ್ಟೆ ಹಿಡಿದುಕೊಂಡೇ ಇದ್ದ.

ಇಷ್ಟು ವರ್ಷ ಎದೆಯಲ್ಲಿದ್ದದ್ದು ಈಗ ಹೊರಗೆ ಬಂದು ಬಾಯಿಂದ ಏನೇನು ಆಡಿಸೀತೋ ಎಂದು ಶಮ್ಶುನ್ನೀಸಾ ದಾರಿಯುದ್ದಕ್ಕೂ ಅಂಜಿದ್ದಳು. ಹುಡುಕಿ ನೋಡಿದರೆ ಅಲ್ಲಿ ದಣಿವು ಬಿಟ್ಟು ಬೇರೇನೂ ಇರಲಿಲ್ಲ. ದಿನವಿಡೀ ಹೊತ್ತ ಹೊರೆಯನ್ನು ಯಾರೋ ಒಂದು ಕೈ ಹಿಡಿದು ಇಳಿಸಿದಂತಾಯಿತು.

"ಎಂಟ ವರ್ಷದ ಹುಡುಗಂದು ಹೋಗ್ಲಿ ಬಿಡೋ," ಎಂದಳು. "ಪರಪ್ಪಂದು ದೇವರು ನೋಡಕೋತಾನ, ಅದು ನನ್ನ ಕೈಯಾಗಿಲ್ಲ. ನನ್ನ ಕಡಿಂದ ನಾ ಬಿಟ್ಟೀನಿ. ಸಕ್ಕರಿ ತರ್ರಿ."

ಮೊದಲ ತಟ್ಟೆ ಸಂಗಣ್ಣನ ಮನೆಯದೇ ಬಂತು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಎರಡೂ ಅಂಗೈ ಎತ್ತಿ, ಅಪ್ಪ ಓದುತ್ತಿದ್ದ ಹಾಗೆ ಮೆಲ್ಲಗೆ, ಒಂದೊಂದೇ ಅಕ್ಷರ ಬಿಡಿಸಿ ಓದಿದಳು. ಹದಿನೈದು ತಟ್ಟೆಯಾಗುವಷ್ಟರಲ್ಲಿ ದನಿ ಸೋತಿತು. ಮುಂದಿನ ತಟ್ಟೆಗಳನ್ನು, ಯಾರೂ ಹೇಳದೆ, ನಿಜಾಮುದ್ದೀನ ಕೂತು ಓದಿದ.

ಹಬ್ಬ ಮುಗಿದು ಮಗ ಮುದ್ದೇಬಿಹಾಳಕ್ಕೆ ಹೋದರೂ ಅವಳು ಹೋಗಲಿಲ್ಲ. ಸಿದ್ಧರಾಮನ ಹೆಂಡತಿ ಲಕ್ಕವ್ವ ಬಿಡಲಿಲ್ಲ. ನಾಲ್ಕನೆಯ ದಿನ ಪಡಸಾಲೆಯಲ್ಲಿ ಕೂತು ಅವಳಿಂದ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಾಗ ಮಗನ ಫೋನು ಬಂತು.

"ಅಮ್ಮಾ, ಯಾವಾಗ ಬರ್ತಿ? ನಾಳೆ ಕಾರ ಕಳಸ್ಲಿ?"

"ನಾಳೆ ಎಲ್ಲೀದೋ! ಲಕ್ಕವ್ವನ ಮಗಳು ಬಾಣಂತನಕ್ಕ ಬಂದಾಳ. ಸೋಮವಾರ ಕೂಸಿನ್ನ ತೊಟ್ಟಿಲಕ್ಕ ಹಾಕ್ತಾರ. ಹಾಡ ಹೇಳಾಕ ಹಳೇ ಮಂದಿ ಯಾರೂ ಇಲ್ಲಂತ, ನನ್ನ ಇರಸಗೊಂಡಾರ," ಎಂದಳು. "ನೀನೂ ಬಾ. ಬರೂವಾಗ ಕೂಸಿಗೆ ಒಂದು ಸಣ್ಣ ಗಾದಿ ಹೊಲಕೊಂಡು ಬಾ. ಅರಳಿ ಚಲೋದು ಹಾಕು."